ಕಡಲಿಲ್ಲದ ಕಾರ್ಬರಿ

ಶೆರಿಲ್, ನಿನ್ನ ತಾಯಿ ಡೋರೀನ್ ಅವರನ್ನು ತಪ್ಪು ಊರಿಗೆ ಕಳಿಸಿದವಳು ನಾನು. ಗೊತ್ತಿದ್ದೂ ಕಳಿಸಿದೆ.

ಲಿಂಗರಾಜಪುರದಲ್ಲಿ ನಾವು ಅಕ್ಕಪಕ್ಕದ ಮನೆಯವರು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆನೆಂದು ಡೋರೀನ್ ನನ್ನನ್ನು ಬಂದವರಿಗೆಲ್ಲ 'ನಮ್ಮ ಹಿಸ್ಟರಿ ಮೇಡಂ' ಎಂದೇ ಪರಿಚಯಿಸುತ್ತಿದ್ದರು. ಒಂದು ಸಂಜೆ ಕೇಳಿದರು — ಐರ್ಲೆಂಡಿನಿಂದ ಇಲ್ಲಿನ ದಂಡಿಗೆ ಸಿಪಾಯಿಯಾಗಿ ಬಂದ ಮುತ್ತಜ್ಜನ ಸೀಮೆ ಕಾರ್ಬರಿಯಂತೆ, ಅದೆಲ್ಲಿದೆ? ಹೆಸರು ಬಾಯಿಂದ ಬಾಯಿಗೆ ಬಂದದ್ದು. ಜೊತೆಗೆ ಅವರ ಅಜ್ಜಿಯ ಮಾತೊಂದು: ಅಲ್ಲಿನ ಒಂದು ಬಾವಿಯಲ್ಲಿ ನದಿ ಹುಟ್ಟುತ್ತದೆ, ಹಡಗು ಹತ್ತುವವರೆಗೆ ಮುತ್ತಜ್ಜ ಸಮುದ್ರವನ್ನೇ ಕಂಡಿರಲಿಲ್ಲ.

ಗೊತ್ತಿಲ್ಲ ಎನ್ನಲು ನನ್ನಿಂದಾಗಲಿಲ್ಲ. ಮರುದಿನ ಪಾಠವನ್ನೇ ಒಪ್ಪಿಸಿದೆ. ಐರ್ಲೆಂಡಿನ ಕೌಂಟಿಗಳನ್ನು ಹಿಂದೆ ಬ್ಯಾರನಿಗಳಾಗಿ ಹಂಚಿದ್ದರು, ನಮ್ಮ ಕೆ.ಆರ್. ಪುರ ಹೋಬಳಿಯ ಹಾಗೆ. ಎಷ್ಟೋ ಕಡೆ ಹಳೆಯ ಕುಲಗಳ ಸೀಮೆಗಳ ಮೇಲೇ ಇಂಗ್ಲಿಷರು ಗೆರೆ ಎಳೆದರು. ಈಗ ಹೆಸರಷ್ಟೇ ಉಳಿದಿದೆ. ಕಾರ್ಬರಿ ಇರುವುದು ದಕ್ಷಿಣದ ಕಾರ್ಕ್ ಕೌಂಟಿಯಲ್ಲಿ, ಸಮುದ್ರದ ಅಂಚಿಗೆ. ಅಜ್ಜಿಯದು ಬರೀ ಕಥೆ ಎಂದೆ. ನಿಜವೆಂದರೆ — ನಕ್ಷೆಯಲ್ಲಿ ಮೊದಲು ಕಂಡ ಕಾರ್ಬರಿಗೇ ನಿಂತುಬಿಟ್ಟಿದ್ದೆ.

ನೀವಿಬ್ಬರೂ ಟಿಕೆಟ್ ಮಾಡಿಸಿದ ಮೇಲೆ ನನಗೆ ಇನ್ನೊಂದು ಕಾರ್ಬರಿ ಸಿಕ್ಕಿತು. ಕಿಲ್ಡೇರ್ ಕೌಂಟಿಯಲ್ಲಿ, ಕಡಲಿಂದ ದೂರ, ಜವುಗು ನೆಲದ ಅಂಚಿನಲ್ಲಿ. ಬಾಯ್ನ್ ನದಿ ಹುಟ್ಟುವುದು ಅಲ್ಲೇ, ಒಂದು ಬಾವಿಯಲ್ಲಿ.

ಹೇಳಲೆಂದೇ ನಿಮ್ಮ ಮನೆಗೆ ಬಂದೆ. ಡೋರೀನ್ ಪೆಟ್ಟಿಗೆ ತುಂಬುತ್ತಿದ್ದರು. "ಮೇಡಂ, ಸಮುದ್ರದ ಹತ್ರ ಅಂದ್ರಲ್ಲ, ಚಳಿ ಜಾಸ್ತಿ ಇರುತ್ತಾ?" ಎಂದರು.

"ಗಾಳಿ ಇರುತ್ತೆ. ಬೆಚ್ಚಗೆ ಹಾಕ್ಕೊಳ್ಳಿ," ಎಂದೆ.

ಅಷ್ಟೇ. ದಾರಿ ಬದಲಿಸಲು ಆಗಲೂ ಸಮಯವಿತ್ತು. ನನ್ನ ಹೆಸರು ಕೆಡುತ್ತದೆಂದು —

ಕಾರ್ಕ್‌ನ ದಡದಲ್ಲಿ ಮಂಡಿಯೂರಿ ಮುತ್ತಜ್ಜನಿಗಾಗಿ ಪ್ರಾರ್ಥಿಸಿದೆನೆಂದು ಡೋರೀನ್ ವಾಪಸ್ ಬಂದು ಹೇಳಿದರು. ನನ್ನ ಕೈ ಹಿಡಿದು, "ನೀವಿಲ್ದಿದ್ರೆ ನಮ್ಮೂರು ನೋಡ್ದೇನೇ ಹೋಗ್ಬಿಡ್ತಿದ್ದೆ," ಎಂದರು. ಆ ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ ನಾನು.

ಹೋದ ವರ್ಷ ಅವರು ತೀರಿಕೊಂಡಾಗ ಚರ್ಚಿನಲ್ಲಿ ನಾಲ್ಕು ಮಾತಾಡಲು ನೀನು ನನ್ನನ್ನೇ ಕರೆದೆ. ಶವಪೆಟ್ಟಿಗೆಯ ಪಕ್ಕ ನಿಂತು ಮತ್ತೆ ಅದೇ ಕಡಲನ್ನು ವರ್ಣಿಸಿದೆ. ನೀನು ಅಳುತ್ತಿದ್ದೆ. ನಾನು ನಿಲ್ಲಿಸಲಿಲ್ಲ.

ನಿನ್ನ ಮಕ್ಕಳಿಗೂ ಆ ಊರು ತೋರಿಸಬೇಕೆಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ — ಕಿಲ್ಡೇರ್‌ಗೆ ಕರೆದುಕೊಂಡು ಹೋಗು. ಕ್ಷಮಿಸು ಎಂದು ಕೇಳುವುದಿಲ್ಲ. ನಾನು ಯಾರ ಕ್ಷಮೆ ಕೇಳಬೇಕಾಗಿತ್ತೋ ಅವರು ಪಕ್ಕದ ಮನೆಯಲ್ಲೇ ಇದ್ದರು, ಅಷ್ಟು ವರ್ಷ.