ಮಾವ ಮೂರು ಮಾತ್ರೆ ನುಂಗಿದ ಬೆಳಿಗ್ಗೆ

ನಮ್ಮ ಮಾವ ಬಣ್ಣ ಹೊಡೆಯುವವರು. ಮನೆಯೊಳಗಿನ ಗೋಡೆಗಲ್ಲ, ಎಂಟು ಹತ್ತು ಅಂತಸ್ತಿನ ಕಟ್ಟಡಗಳ ಹೊರಮೈಗೆ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು, ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಳಿಯುತ್ತಾರೆ. ಆ ಹಲಗೆಗೆ ಅವರ ಬಾಯಲ್ಲಿ ಜೋಕಾಲಿ ಎಂದು ಹೆಸರು. ಮೂವತ್ತೊಂದು ವರ್ಷ ಅದರ ಮೇಲೇ ಕಳೆದಿದ್ದಾರೆ. ನೆಲದ ಮೇಲೆ ನಿಂತು ಕೆಲಸ ಮಾಡುವವರನ್ನು ಕಂಡರೆ ಅವರಿಗೆ ಸ್ವಲ್ಪ ತಾತ್ಸಾರ.

ಹೋದ ತಿಂಗಳಿಂದ ಅವರು ಕೆಲಸ ಮಾಡುವ ಕಟ್ಟಡದಲ್ಲಿ ಹೊಸ ನಿಯಮ. ಮೇಲೆ ಹತ್ತುವವರನ್ನೆಲ್ಲ ನರ್ಸ್ ಒಬ್ಬರು ಬೆಳಿಗ್ಗೆ ಕುರ್ಚಿಯಲ್ಲಿ ಕೂರಿಸಿ ಬೀಪಿ ನೋಡುತ್ತಾರೆ. ನೂರೈವತ್ತು ದಾಟಿದರೆ ಆ ದಿನ ಕೆಳಗೇ ಇದ್ದು ಗೋಡೆಗೆ ಮೆತ್ತುವ ಬಿಳಿ ಪುಟ್ಟಿ ಕಲಸಬೇಕು, ಡಬ್ಬ ತೊಳೆಯಬೇಕು. ಮಾವ ಎರಡು ಸಲ ಕೆಳಗುಳಿದರು. ಮೂರನೆಯ ಸಲವೂ ಹಾಗಾದರೆ ಜೋಕಾಲಿ ಬೇರೆಯವರಿಗೆ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ.

ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಮಾವ ಮಾತ್ರ ತಲೆ ಭಾರವಾದ ದಿನವಷ್ಟೇ ನುಂಗುತ್ತಿದ್ದರು.

"ಚೆನ್ನಾಗಿರೋ ಮೈಗೆ ಔಷಧಿ ಯಾಕೆ ದಂಡ?"

"ನಿಮ್ಮ ಮೈ ಎಲ್ಲಾ ನಿಮ್ಮನ್ನ ಕೇಳಿಕೊಂಡೇ ಮಾಡುತ್ತಾ?" ಎಂದು ಅತ್ತೆ ಗೊಣಗಿದರೆ, "ಅದೂ ನಿನ್ನ ಹಾಗೇ, ನನ್ನ ಮಾತು ಎಲ್ಲಿ ಕೇಳುತ್ತೆ ಬಿಡು" ಎಂದು ನಕ್ಕುಬಿಡುತ್ತಿದ್ದರು.

ಮೊನ್ನೆ ಅವರು ಕೆಲಸಕ್ಕೆ ಹೋದ ಮೇಲೆ ಮಗಳ ಜ್ವರದ ಔಷಧಿಗೆಂದು ಡಬ್ಬಿ ತೆರೆದೆ. ಮಾವನ ಮಾತ್ರೆಯ ಪಟ್ಟಿಯಲ್ಲಿ ಹಿಂದಿನ ದಿನ ತುಂಬಿದ್ದ ಮೂರು ಗುಳಿ ಒಟ್ಟಿಗೆ ಖಾಲಿಯಾಗಿದ್ದವು.

"ಅತ್ತೆ, ಮಾವ ಇವತ್ತು ಎಷ್ಟು ಮಾತ್ರೆ ತಗೊಂಡ್ರು?"

"ಮೂರು. ಬಿಟ್ಟಿದ್ದನ್ನೂ ಸೇರಿಸಿ ಹಾಕ್ಕೊಂಡೆ, ಇವತ್ತು ಆ ನರ್ಸಮ್ಮ ಬೆರಗಾಗಬೇಕು ಅಂದ್ರು."

ಮಗಳು ಹೊಟ್ಟೆಯಲ್ಲಿದ್ದಾಗ ನನಗೂ ಬೀಪಿ ಏರಿತ್ತು. ಒಂದು ದಿನ ಮರೆತ ಮಾತ್ರೆಯನ್ನು ಮರುದಿನದ್ದರ ಜೊತೆ ನುಂಗಿ, ಹಾಸಿಗೆಯಿಂದ ಎದ್ದವಳು ಬಚ್ಚಲ ಬಾಗಿಲಲ್ಲೇ ಕುಸಿದಿದ್ದೆ. ಆಗ ಡಾಕ್ಟರಮ್ಮ ನನ್ನ ಬೆರಳನ್ನು ನನ್ನದೇ ಕುತ್ತಿಗೆಯ ನಾಡಿಯ ಮೇಲಿಟ್ಟು ತಿಳಿಸಿದ್ದರು. ನಾವು ಎದ್ದು ನಿಂತೊಡನೆ ಅರ್ಧ ಲೀಟರಿನಷ್ಟು ರಕ್ತ ಹೊಟ್ಟೆ, ಕಾಲುಗಳತ್ತ ಜಾರುತ್ತದಂತೆ. ಕುತ್ತಿಗೆಯ ರಕ್ತನಾಳದ ಗೋಡೆ ಅದನ್ನು ಕೂಡಲೇ ಗುರುತಿಸಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಕೆಳಗಿನ ನಾಳಗಳು ಬಿಗಿಯುತ್ತವೆ, ತಲೆಗೆ ರಕ್ತ ಸಿಗುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಮಾತ್ರೆ ಅತಿಯಾದರೆ ಆ ನಾಳಗಳು ಬಿಗಿಯಲಾರವು. ಕೂತಾಗ ಏನೂ ಅನಿಸದು. ಎದ್ದಾಗಲೇ ಕಣ್ಣು ಕತ್ತಲೆ.

ನರ್ಸ್ ನೋಡುವುದು ಕೂರಿಸಿ.

ಕೆಲಸದ ಹೊತ್ತಲ್ಲಿ ಎಲ್ಲರ ಫೋನೂ ಮೇಸ್ತ್ರಿಯ ಪೆಟ್ಟಿಗೆಯಲ್ಲಿರುತ್ತದೆ. ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ, ಜ್ವರದ ಔಷಧಿ ಎಷ್ಟೆಂದು ಹೇಳಿ, ಎರಡು ಬೀದಿ ಓಡಿದೆ.

ಮಾವ ಆರನೆಯ ಅಂತಸ್ತಿನಲ್ಲಿದ್ದರು. ಕೂತಿದ್ದರು. ಸೊಂಟದ ಬೆಲ್ಟಿನ ಕೊಕ್ಕೆ ಯಾವುದಕ್ಕೂ ಸಿಕ್ಕಿಸದೆ ಗಾಳಿಯಲ್ಲಿ ನೇತಾಡುತ್ತಿತ್ತು. ಕೂಗಲು ಬಾಯಿ ತೆರೆದವಳು ಕೈಯಿಂದ ಮುಚ್ಚಿಕೊಂಡೆ. ಕೆಳಗಿನಿಂದ ಯಾರು ಕರೆದರೂ ಹಲಗೆಯ ಮೇಲೆ ಎದ್ದು ನಿಂತು, ಒಂದು ಕೈ ಬೀಸಿ ಓಗೊಡುವುದು ಮಾವನ ಹಳೆಯ ಜಂಬ.

ಕೆಳಗೆ ಹಗ್ಗ ಹಿಡಿದಿದ್ದವನನ್ನು ಎಲ್ಲರೂ ಕಡ್ಡಿ ಎನ್ನುತ್ತಾರೆ. ಅವನ ಬಳಿ ಹೋಗಿ ಮೆಲ್ಲಗೆ ಹೇಳಿದೆ, "ಅಣ್ಣಾ, ಮಾವನನ್ನ ಕೂತಿರೋ ಹಾಗೇ ಇಳಿಸಿ. ಏಳೋಕೆ ಬಿಡಬೇಡಿ."

"ಯಾಕಮ್ಮಾ? ಇವತ್ತು ಬೀಪಿ ಬರೀ ನೂರ ಹತ್ತು! ಮದುಮಗನ ಹಾಗೆ ಹತ್ತಿದ್ದಾರೆ."

"ಅದಕ್ಕೇ ಅಣ್ಣಾ."

ಅವನು ನನ್ನ ಮುಖ ನೋಡಿದ. ತಲೆಯೆತ್ತಿ ಮೇಲಕ್ಕೆ ಕೂಗಿದ. "ಯಜಮಾನ್ರೇ, ಹಗ್ಗ ಸಿಕ್ಕಾಕ್ಕೊಂಡಿದೆ! ಬಕೆಟ್ ತಬ್ಬಿಕೊಂಡು ಅಲ್ಲಾಡದೆ ಕೂತ್ಕೊಳ್ಳಿ, ಇಳಿಸ್ತೀನಿ!"

"ನಿನ್ನ ಹಗ್ಗಕ್ಕಿಷ್ಟು!" ಎಂದು ಮೇಲಿನಿಂದ ಬೈಗುಳ ಬಂತು. ಹಲಗೆ ಇಳಿಯತೊಡಗಿತು. ಐದು. ನಾಲ್ಕು. ಗಾಳಿಗೆ ಒಮ್ಮೆ ಗೋಡೆಗೆ ತಾಗಿ ತಿರುಗಿತು. ಎರಡನೆಯ ಅಂತಸ್ತಿನಲ್ಲಿ ಅವರ ಕಣ್ಣಿಗೆ ನಾನು ಬಿದ್ದೆ.

"ಮಗೂಗೆ ಏನಾಯ್ತೇ?" ಎನ್ನುತ್ತ ಒಂದು ಕಾಲು ಮಡಚಿ ಹಲಗೆಯ ಮೇಲಿಟ್ಟರು.

"ಏನಿಲ್ಲ ಮಾವ, ಆಡ್ಕೊಂಡಿದ್ದಾಳೆ! ಕೂತಿರಿ, ನಿಮ್ಮ ದಮ್ಮಯ್ಯ!"

ಕೂತರು. ಹಲಗೆ ನೆಲ ಮುಟ್ಟಿತೋ ಇಲ್ಲವೋ, ತಟಕ್ಕನೆ ಎದ್ದು ಎರಡು ಹೆಜ್ಜೆ ಇಟ್ಟರು. ಮೂರನೆಯದನ್ನು ಇಡಲಿಲ್ಲ. ಮುಖ ಪುಟ್ಟಿಯ ಬಣ್ಣಕ್ಕೆ ತಿರುಗಿತು, ಮಂಡಿ ಕುಸಿಯಿತು. ಕಡ್ಡಿ ಹಗ್ಗ ಬಿಟ್ಟು ಅವರನ್ನು ಹಿಡಿದ. ಮಲಗಿಸಿ, ಕಾಲುಗಳನ್ನು ಬಣ್ಣದ ಡಬ್ಬದ ಮೇಲೆ ಎತ್ತಿಟ್ಟೆ. ಸ್ವಲ್ಪ ಹೊತ್ತಿಗೆ ತುಟಿಗೆ ರಂಗು ಬಂತು. ಓಡಿ ಬಂದ ನರ್ಸ್ ನೋಡಿದಾಗ ಬೀಪಿ ಎಂಬತ್ತು.

ಸಂಜೆವರೆಗೆ ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು. "ನೀನು ಬಂದಾಗ ಕಿಟಕಿಯ ಮೇಲ್ಗಡೆ ಬಳಿಯೋಕೆ ಏಳೋದ್ರಲ್ಲಿದ್ದೆ" ಎಂದಷ್ಟೇ ಮಾವ ಹೇಳಿದ್ದು. ಅತ್ತೆ ಹೊದಿಕೆ ಸರಿಮಾಡಿದರು.

ಇವತ್ತು ಬೆಳಿಗ್ಗೆ, ಹೊಸದಾಗಿ ಕೊಂಡು ತಂದ ಯಂತ್ರದಲ್ಲಿ ಅವರ ಬೀಪಿ ನಾನೇ ನೋಡಿದೆ. ನೂರ ಎಪ್ಪತ್ತೆರಡು. "ಮೈ ಹೂವಿನ ಹಾಗೆ ಹಗುರ ಇದೆ ಕಣಮ್ಮ" ಎನ್ನುತ್ತಾರೆ. ಆಸ್ಪತ್ರೆಯವರು ಹೇಳಿದ ಹಾಗೆ ಒಂದೇ ಮಾತ್ರೆ ಕೈಗೆ ಕೊಟ್ಟು, ನುಂಗುವವರೆಗೆ ಎದುರಿಗೇ ನಿಂತಿದ್ದೆ.

ಜೋಕಾಲಿ ಕಡ್ಡಿಯ ಪಾಲಾಗಿದೆ. ಸೋಮವಾರದಿಂದ ಅವನು ಮೇಲೆ, ಹಗ್ಗ ಹಿಡಿದು ಮಾವ ಕೆಳಗೆ. ಮೇಸ್ತ್ರಿಯೇ ಕನಿಕರಪಟ್ಟು ಕೊಟ್ಟ ಕೆಲಸವಂತೆ. ಹಗ್ಗ ಹಿಡಿಯುವವರ ಬೀಪಿಯನ್ನು ಅಲ್ಲಿ ಯಾರೂ ನೋಡುವುದಿಲ್ಲ.