ವೆಬ್‌ಸೈಟ್ ಅಕ್ಕನ ‘ನೋಡೋಣ’ ಪುಸ್ತಕ

ಮಗಳ ಎಡಗಡೆಯ ಜಡೆ ಮುಗಿದಿದೆ, ಬಲಗಡೆಯದು ಇನ್ನೂ ಅರ್ಧ. ಮೂರು ಎಳೆಗಳು ಬೆರಳ ಸಂದಿಯಲ್ಲಿರುವಾಗಲೇ ಕಿಟಕಿಯ ಕಟ್ಟೆಯ ಮೇಲಿಟ್ಟ ಫೋನು ಗುಂಯ್‌ಗುಡುತ್ತದೆ. ಗಂಟೆ ಇನ್ನೂ ಆರೂವರೆ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಒಳಕೋಣೆಯಲ್ಲಿ ಮಲಗಿರುವುದರಿಂದ ಈ ಮನೆಯ ಫೋನು ಕೂಗುವುದಿಲ್ಲ, ಬರೀ ನಡುಗುತ್ತದೆ.

“ಹಲೋ, ಬೀಗದವರಾ? ಹಾಲು ತರೋಣ ಅಂತ ಬಾಗಿಲು ಎಳ್ಕೊಂಡು ಬಂದೆ, ಕೀ ಒಳಗೇ ಉಳೀತು. ಒಲೆ ಮೇಲೆ ನೀರಿಟ್ಟಿದ್ದೀನಿ ಕಣ್ರೀ!”

ಈಕೆ ಬೀಗದವಳಲ್ಲ. ಆದರೂ ರಾಂಗ್ ನಂಬರ್ ಎನ್ನುವುದಿಲ್ಲ. “ಗಾಬರಿ ಆಗ್ಬೇಡಿ, ಮನೆ ಎಲ್ಲಿ ಹೇಳಿ” ಎನ್ನುತ್ತಾಳೆ. ಜಡೆಯ ಎಳೆಗಳನ್ನು ಬಾಯಲ್ಲಿ ಕಚ್ಚಿಕೊಂಡು, ಮಗಳ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ವಿಳಾಸ ಗೀಚಿಕೊಂಡು, ಇನ್ನೊಂದು ನಂಬರು ಒತ್ತುತ್ತಾಳೆ. “ಯಜಮಾನ್ರೇ, ನೀರಿನ ಟ್ಯಾಂಕಿನ ಹಿಂದಿನ ಬೀದಿ, ಹಸಿರು ಗೇಟು. ಒಲೆ ಉರೀತಿದೆಯಂತೆ, ಬೇಗ ಹೋಗಿ.”

ಆ ಕಡೆಯಿಂದ ನಿದ್ದೆಗಣ್ಣಿನ ಗೊಗ್ಗರು ದನಿ: “ಅಲ್ಲಮ್ಮಾ, ನಿನ್ನ ನೆಂಟರಲ್ಲಿ ಕೀ ನೆಟ್ಟಗೆ ಇಟ್ಕೊಳ್ಳೋರು ಒಬ್ಬರೂ ಇಲ್ವಾ?”

ಅಷ್ಟರಲ್ಲಿ ಬಲಗಡೆಯ ಜಡೆ ಪೂರ್ತಿ ಬಿಚ್ಚಿಹೋಗಿದೆ. ಮೂರನೇ ತರಗತಿಯ ಮಗಳು ಕನ್ನಡಿಯಲ್ಲೇ ಅಮ್ಮನ ಮುಖ ನೋಡುತ್ತಾಳೆ. “ಅಮ್ಮಾ, ಒಂದು ಕೇಳ್ಲಾ?”

“ಆಮೇಲೆ ಕೇಳುವಿಯಂತೆ ಕಂದ. ಈಗ ಅಲ್ಲಾಡಬೇಡ.”

ಆಕೆಯ ಕೆಲಸ, ತಂಗಿಯ ಜೊತೆ ಸೇರಿ ನಡೆಸುತ್ತಿರುವ ಪುಟ್ಟ ವೆಬ್‌ಸೈಟ್ ಉದ್ಯಮಕ್ಕೆ ಗಿರಾಕಿಗಳನ್ನು ಹುಡುಕುವುದು. ತಂಗಿ ನಡುಮನೆಯ ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಪುಟಗಳನ್ನು ಕಟ್ಟುತ್ತಾಳೆ. ಅಕ್ಕ ಬೀದಿ ಸುತ್ತುತ್ತಾಳೆ. ತಂಗಿಯ ಕೆಲಸ ತೆರೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಅಕ್ಕನ ಕೆಲಸ ಕಾಣುವುದು ಅವಳ ಚಪ್ಪಲಿಯ ಹಿಮ್ಮಡಿಯಲ್ಲಿ ಮಾತ್ರ. ಹಿಮ್ಮಡಿ ಎರಡೂ ಒಂದೇ ಕಡೆಗೆ ಸವೆದಿವೆ. ಬೀದಿಯವರು ಅವಳಿಗಿಟ್ಟ ಹೆಸರು ‘ವೆಬ್‌ಸೈಟ್ ಅಕ್ಕ’.

ಇದಕ್ಕೂ ಮೊದಲು ಹನ್ನೊಂದು ವರ್ಷ ಫೋಟೋ ಸ್ಟುಡಿಯೋ ಒಂದರ ಕೌಂಟರಿನಲ್ಲಿದ್ದಳು. ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ಕತ್ತರಿಸಿ, ಕವರಿಗೆ ಹಾಕಿ, ‘ಚೆನ್ನಾಗಿ ಬಂದಿದೆ’ ಎಂದು ಕೊಡುವುದು ಅವಳ ಪಾಲಿನ ಕೆಲಸ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ಮಾಲೀಕರು ಹೋಗುವಾಗ ಹಳೆಯ ಕಂಪ್ಯೂಟರನ್ನು ಇವಳಿಗೇ ಬಿಟ್ಟರು. ಫೋಟೋ ತಿದ್ದಲು ಅಲ್ಲಿಗೆ ಬರುತ್ತಿದ್ದ ತಂಗಿ ಅದರಲ್ಲೇ ವೆಬ್‌ಸೈಟ್ ಮಾಡುವುದನ್ನು ಕಲಿತಳು. ಎರಡೂವರೆ ವರ್ಷದಲ್ಲಿ ಇಪ್ಪತ್ತಾರು ಅಂಗಡಿಗಳಿಗೆ ಇವರು ವೆಬ್‌ಸೈಟ್ ಮಾಡಿಕೊಟ್ಟಿದ್ದಾರೆ. ಆದರೆ ಕಳೆದ ಎರಡು ತಿಂಗಳಿಂದ ಒಂದೂ ಇಲ್ಲ.

ಅವಳಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಬಸ್ಸಿನಲ್ಲಿ ಹೋಗುವಾಗಲೂ ಕಣ್ಣು ಬೋರ್ಡುಗಳ ಮೇಲೆ. ಹೊಸ ಬೋರ್ಡು ಕಂಡರೆ ಟಿಕೆಟು ಎಲ್ಲಿಯವರೆಗೆ ಇದ್ದರೂ ಅಲ್ಲೇ ಇಳಿದುಬಿಡುತ್ತಾಳೆ. ದಿನಕ್ಕೆ ಹದಿನಾಲ್ಕು ಅಂಗಡಿ ಅವಳ ಗುರಿ. ಹದಿನಾಲ್ಕರಲ್ಲಿ ನಾಲ್ಕು ಕಡೆ ‘ಯಜಮಾನ್ರಿಲ್ಲ’ ಎಂಬ ಉತ್ತರ. ಹೇಳುವವನು ಬಹಳ ಸಲ ಯಜಮಾನನೇ. ಇನ್ನು ಮೂರು ಕಡೆ ‘ನಮ್ಮ ಅಕ್ಕನ ಮಗ ಮಾಡ್ಕೊಡ್ತಾನೆ.’

“ಆ ಅಕ್ಕನ ಮಗನ್ನ ಒಂದ್ಸಲ ನೋಡ್ಬೇಕು ನಾನು,” ಎಂದು ನಗುತ್ತಾಳೆ. “ಇಡೀ ಊರಿಗೆ ಅವನೊಬ್ಬನೇ. ಪಾಪ, ಯಾವತ್ತು ಮಾಡಿ ಮುಗಿಸ್ತಾನೋ!”

ಅವಳಿಗೆ ಅವಳದೇ ಕಟ್ಟಳೆಗಳಿವೆ. ಅಂಗಡಿಯವರು ಶಟರ್ ಎತ್ತುವಾಗ ಹೋಗಬಾರದು. ಊಟಕ್ಕೆ ತುಸು ಮುಂಚೆಯಂತೂ ಹೋಗಲೇಬಾರದು. “ಹಸಿದವರು ಎಲ್ಲದಕ್ಕೂ ಬೇಡ ಅಂತಾರೆ.” ಮೊದಲ ದಿನ ವೆಬ್‌ಸೈಟಿನ ಮಾತೇ ಎತ್ತದೆ, ಕೇಳಿಕೊಂಡು ಅಂಗಡಿಯ ನಾಲ್ಕು ಫೋಟೋ ತೆಗೆಯುತ್ತಾಳೆ. ಕೌಂಟರಿನ ಅನುಭವ ಕೈಬಿಟ್ಟಿಲ್ಲ. ಎಂಥ ಮಬ್ಬು ಅಂಗಡಿಯಲ್ಲೂ ಬೆಳಕು ಬೀಳುವ ಜಾಗ ಅವಳಿಗೆ ಗೊತ್ತಾಗುತ್ತದೆ. ಆ ಫೋಟೋಗಳಿಂದ ತಂಗಿ ಒಂದೇ ಒಂದು ಮಾದರಿ ಪುಟ ಮಾಡಿಕೊಡುತ್ತಾಳೆ. ಮೂರನೆಯ ದಿನ ಅಕ್ಕ ಅದನ್ನು ಫೋನಿನಲ್ಲಿ ತೆರೆದು ಗಲ್ಲಾದ ಮೇಲಿಡುತ್ತಾಳೆ. ತನ್ನ ಅಂಗಡಿ ತನಗೇ ಚೆಂದ ಕಾಣುವ ಆ ಒಂದು ಗಳಿಗೆಯಲ್ಲಿ ಯಜಮಾನರ ಮುಖ ಸಡಿಲವಾಗುತ್ತದೆ.

ಎಡವುವುದು ಅಲ್ಲಿಂದ ಮುಂದೆ. ಪುಟ ತೋರಿಸುತ್ತಾಳೆ, ಉಪಯೋಗ ಹೇಳುತ್ತಾಳೆ, ಅವರ ಮಕ್ಕಳ ಓದು ವಿಚಾರಿಸುತ್ತಾಳೆ. ‘ಹಾಗಾದ್ರೆ ಮಾಡಿಸ್ತೀರಾ?’ ಎಂಬ ಕೊನೆಯ ಮಾತು ಮಾತ್ರ ಗಂಟಲಿನಿಂದ ಹೊರಡುವುದಿಲ್ಲ. ಫೋನು ಬ್ಯಾಗಿಗೆ ಹಾಕಿ, ಜಿಪ್ ಎಳೆದು, ‘ಬರ್ತೀನಿ ಹಾಗಾದ್ರೆ’ ಎಂದುಬಿಡುತ್ತಾಳೆ. ಅವರು ‘ನೋಡೋಣ’ ಎನ್ನುತ್ತಾರೆ. ಮನೆಗೆ ಬಂದು ಅದನ್ನು ಪುಸ್ತಕದಲ್ಲಿ ಬರೆದಿಡುತ್ತಾಳೆ. ಪುಸ್ತಕದಲ್ಲೀಗ ಎಪ್ಪತ್ತಮೂರು ‘ನೋಡೋಣ’ಗಳಿವೆ.

“ಕೇಳಿದ್ರೆ ‘ಬೇಡ’ ಅಂದ್ಬಿಡಬಹುದು. ಕೇಳದೇ ಇದ್ರೆ ‘ನೋಡೋಣ’ ಅಂತಾರೆ. ‘ನೋಡೋಣ’ ಆದ್ರೆ ಹಿಡ್ಕೊಂಡು ಮನೆಗೆ ಬರಬಹುದು.” ಬಟ್ಟೆ ಮಡಚುತ್ತ ಇದನ್ನು ಹೇಳುವಾಗ ಒಂದೇ ಟವೆಲ್ಲನ್ನು ಮೂರು ಸಲ ಬಿಚ್ಚಿ ಮಡಚುತ್ತಾಳೆ.

ತಂಗಿಗೆ ಇದು ಗೊತ್ತಿಲ್ಲದ್ದಲ್ಲ. ಅದಕ್ಕೇ ಬೆಳಗಿನ ಹೊತ್ತು ಮನೆಯಲ್ಲಿ ತಾಲೀಮು ನಡೆಯುತ್ತದೆ. ತಂಗಿ ಅಂಗಡಿಯ ಯಜಮಾನನಾಗಿ ಸ್ಟೂಲಿನ ಮೇಲೆ ಕೂತು, ಹಲ್ಲು ಚುಚ್ಚಿಕೊಳ್ಳುತ್ತ ‘ಏನಮ್ಮಾ ನಿಂದು?’ ಎಂದು ಗದರುತ್ತಾಳೆ. ಅಕ್ಕ ಚಾಚೂ ತಪ್ಪದೆ ಎಲ್ಲ ಹೇಳಿ, ಕೊನೆಗೆ ನೆಟ್ಟಗೆ ನಿಂತು ‘ಹಾಗಾದ್ರೆ ಮಾಡಿಸ್ತೀರಾ?’ ಎಂದು ಕೇಳುತ್ತಾಳೆ. ತಿಂಡಿ ತಿನ್ನುತ್ತ ಕೂತ ಮಗಳಿಗೆ ಈ ನಾಟಕ ಬಾಯಿಪಾಠವಾಗಿದೆ.

“ಮನೇಲಿ ಹುಲಿ, ಬೀದೀಲಿ ಬೆಕ್ಕು,” ಎಂದು ತಂಗಿ ಕಿಚಾಯಿಸುತ್ತಾಳೆ. ಆದರೆ ಈ ವಾರ ಅವಳ ಕೀಟಲೆಯಲ್ಲಿ ನಗು ಕಡಿಮೆ. ದೊಡ್ಡ ಮುದ್ರಣಾಲಯವೊಂದು ಸೋಪಿನ ಡಬ್ಬಿಗೆ ಲೇಬಲ್ ಮಾಡುವ ಕೆಲಸಕ್ಕೆ ಅವಳನ್ನು ಕರೆದಿದೆ. ಸೋಮವಾರ ಉತ್ತರ ಹೇಳಬೇಕು. “ಶನಿವಾರದೊಳಗೆ ಒಂದೇ ಒಂದು ಹೊಸ ಕೆಲಸ ತಾರೇ ಅಕ್ಕಾ, ನಾನು ಎಲ್ಲಿಗೂ ಹೋಗಲ್ಲ” ಎಂದಿದ್ದಾಳೆ. ಅವಳು ಹೋದರೆ ಮೂಲೆಯ ಕಂಪ್ಯೂಟರಿಗೆ ಬಟ್ಟೆ ಮುಚ್ಚುವುದೊಂದೇ ಉಳಿಯುವುದು.

ಇವತ್ತು ಶನಿವಾರ.

ಮಧ್ಯಾಹ್ನ ಶಾಲೆ ಬಿಟ್ಟ ಮಗಳನ್ನೂ ಕರೆದುಕೊಂಡು ಆಕೆ ಹೊರಡುತ್ತಾಳೆ. ಕನ್ನಡಕದ ಅಂಗಡಿಯಲ್ಲಿ ‘ನೋಡೋಣ’. ಡ್ರೈವಿಂಗ್ ಶಾಲೆಯಲ್ಲಿ ಅಕ್ಕನ ಮಗ. ದರ್ಜಿಯೊಬ್ಬರು ಪುಟವನ್ನು ಹಿಂದೆ ಮುಂದೆ ಸರಿಸಿ ನೋಡಿ, “ನನ್ನ ಹೊಟ್ಟೆ ಇಷ್ಟು ದಪ್ಪ ಇದೆಯೇನಮ್ಮಾ?” ಎಂದು ನೊಂದುಕೊಳ್ಳುತ್ತಾರೆ. ನಾಲ್ಕು ಗಂಟೆಗೆ ಒಂಬತ್ತು ಅಂಗಡಿ ಮುಗಿದಿವೆ. ಮಗಳ ಬಲಗಡೆಯ ಜಡೆ ಮತ್ತೆ ಸಡಿಲವಾಗಿದೆ. ಅಮ್ಮನ ಹೆಜ್ಜೆ ಮಾತ್ರ ಜೋರಾಗುತ್ತಲೇ ಇದೆ.

“ಅಮ್ಮಾ, ನಿಲ್ಲು. ಬೀಗದ ತಾತ ಕರೀತಿದ್ದಾರೆ.”

ಮಹಡಿ ಮೆಟ್ಟಿಲ ಕೆಳಗಿನ ಗೂಡೇ ಬೀಗದ ಯಜಮಾನರ ಅಂಗಡಿ. ಗೋಡೆಯ ತುಂಬ ಸಾಲು ಸಾಲು ಹಲ್ಲು ಕೊರೆಯದ ಖಾಲಿ ಕೀಗಳು, ಮೇಜಿನ ಮೇಲೆ ಕೀ ಉಜ್ಜುವ ಅರ, ಹಿತ್ತಾಳೆಯ ಪುಡಿ. ಮೂರು ತಿಂಗಳ ಹಿಂದೆ ಅವರಿಗೂ ಮಾದರಿ ಪುಟ ತೋರಿಸಿದ್ದಳು. ಅವರೂ ‘ನೋಡೋಣ’ ಎಂದಿದ್ದರು. ಪುಸ್ತಕದಲ್ಲಿ ಅವರದು ನಲವತ್ತೆಂಟನೆಯದು.

“ಬಾಮ್ಮಾ, ಕೂತ್ಕೋ. ಬೆಳಿಗ್ಗೆನೇ ಹಸಿರು ಗೇಟಿನೋರ ಒಲೆ ಆರಿಸಿ ಬಂದೆ. ಪಾತ್ರೆ ಒಂದು ಕಪ್ಪಗಾಗಿದೆ, ಅಷ್ಟೆ. ಈ ವಾರ ನಿನ್ನ ನೆಂಟರದ್ದು ಇದು ಐದನೇದು. ಎಷ್ಟು ದೊಡ್ಡ ಬಳಗನಮ್ಮಾ ನಿಂದು!”

ಆಕೆ ಬ್ಯಾಗಿನ ಜಿಪ್ ಎಳೆಯುತ್ತಾಳೆ, ಬಿಡುತ್ತಾಳೆ. “ಯಜಮಾನ್ರೇ, ಅವರು ಯಾರೂ ನನ್ನ ನೆಂಟರಲ್ಲ.”

“ಮತ್ತೆ?”

“ನಿಮಗೆ ತೋರಿಸಿದ್ನಲ್ಲ, ಆ ಪುಟ. ಮಾದರಿ ಪುಟದಲ್ಲಿ ನಾನು ಯಾವಾಗ್ಲೂ ನನ್ನ ನಂಬರೇ ಹಾಕೋದು. ಕೇಳದೆ ಇನ್ನೊಬ್ಬರ ನಂಬರು ಹಾಕೋದು ಸರಿಯಲ್ಲ ಅಂತ. ನೀವು ನೋಡೋಣ ಅಂದ ಮೇಲೆ ತಂಗಿ ಅದನ್ನ ಮುಚ್ಚಿಡಬೇಕಿತ್ತು, ಮರೆತಳು. ಬೀಗ ರಿಪೇರಿ ಅಂತ ಹುಡುಕಿದವರಿಗೆಲ್ಲ ಅದು ಕಾಣಿಸ್ತಿದೆ. ಫೋನು ನಂಗೆ ಬರ್ತಿದೆ.”

ಅವರು ಅರವನ್ನು ಕೆಳಗಿಡುತ್ತಾರೆ. “ಅಂದ್ರೆ ಮೂರು ತಿಂಗಳಿಂದ ಬರ್ತಿರೋರೆಲ್ಲ ಗುರುತಿಲ್ಲದೋರಾ?”

“ಹೌದು.”

“ನೀನು ಹೇಳಲೇ ಇಲ್ವಲ್ಲ!”

“ಹೇಳಿದ್ರೆ ಉಪಕಾರ ಎತ್ತಿ ಆಡಿದ ಹಾಗಾಗುತ್ತೆ ಅನ್ನಿಸ್ತು. ಬಾಗಿಲ ಹೊರಗೆ ನಿಂತೋರಿಗೆ ರಾಂಗ್ ನಂಬರ್ ಅನ್ನೋಕೂ ಬಾಯಿ ಬರಲಿಲ್ಲ.”

ಯಜಮಾನರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾರೆ. ಆಕೆ ಫೋನು ತೆಗೆದು ಪುಟ ತೆರೆದು ಮೇಜಿನ ಮೇಲಿಡುತ್ತಾಳೆ. ಮೆಟ್ಟಿಲ ಕೆಳಗಿನ ಆ ಗೂಡು, ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ಮಿನುಗುವ ಕೀಗಳ ಸಾಲು, ನಡುವೆ ಅವರೇ, ಬಗ್ಗಿ ಅರ ಉಜ್ಜುತ್ತ. ಅವರು ಬಹಳ ಹೊತ್ತು ನೋಡುತ್ತಾರೆ.

“ಚೆನ್ನಾಗಿ ಬಂದಿದೆ,” ಎನ್ನುತ್ತಾರೆ ಕೊನೆಗೆ.

ಈಗ ಅವಳ ಸರದಿ. ಸ್ಟೂಲಿನ ಮುಂದೆ ನೂರು ಸಲ ಹೇಳಿದ ಮಾತು ನಾಲಿಗೆಯ ತುದಿಯವರೆಗೆ ಬರುತ್ತದೆ. ಬೀದಿಯಲ್ಲೊಂದು ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಗುತ್ತದೆ. ಅವಳು ಫೋನು ಎತ್ತಿಕೊಂಡು, ಬ್ಯಾಗಿಗೆ ಹಾಕಿ, ಜಿಪ್ ಎಳೆಯುತ್ತಾಳೆ.

“ಬರ್ತೀನಿ ಹಾಗಾದ್ರೆ, ಯಜಮಾನ್ರೇ.”

ಮಗಳು ಹೊರಡುವುದಿಲ್ಲ. ಬೆಳಿಗ್ಗೆಯಿಂದ ‘ಆಮೇಲೆ’ ಎನ್ನಿಸಿಕೊಂಡವಳು ಅವಳು. ಸಡಿಲವಾದ ಜಡೆಯನ್ನು ಬೆನ್ನ ಹಿಂದಕ್ಕೆ ಎಸೆದು, ಮೇಜಿನ ಅಂಚಿಗೆ ಎರಡೂ ಕೈ ಊರಿ, ಚಿಕ್ಕಮ್ಮನ ಸ್ಟೂಲಿನ ಮುಂದೆ ಅಮ್ಮ ನಿಲ್ಲುವ ಹಾಗೆಯೇ ನೆಟ್ಟಗೆ ನಿಲ್ಲುತ್ತಾಳೆ.

“ತಾತ, ಹಾಗಾದ್ರೆ ಮಾಡಿಸ್ತೀರಾ?”