ಖುಲಾಸೆಯಾದ ಮೇಲೂ ಆರೋಪಿ

ದಾಕ್ಷಾಯಣಿಗೆ ಪೊಲೀಸರೆಂದರೆ ಹೆದರಿಕೆ ಎಂದರೆ ಅದು ಕಡಿಮೆಯ ಮಾತು. ನಿಟ್ಟೂರಿನ ರಸ್ತೆಯಲ್ಲಿ ಜೀಪು ಕಂಡರೆ ಸಾಕು, ಪಕ್ಕದ ಅಂಗಡಿಗೆ ನುಗ್ಗಿ ಬೇಡದ ಬೆಂಕಿಪೊಟ್ಟಣವೊಂದನ್ನು ಕೊಂಡು, ಜೀಪು ಮರೆಯಾದ ಮೇಲೆಯೇ ಹೊರಬರುತ್ತಿದ್ದಳು. ಬೈಕ್ ರಿಪೇರಿ ಮಾಡುವ ಗಂಡ ಸೋಮಶೇಖರ್ "ಅಂಗಡಿ ಇಡ್ತೀಯೇನೇ?" ಎಂದು ರೇಗಿಸುತ್ತಿದ್ದ. ರೇಗಿಸಿದರೂ ಕಾರಣ ಅವನಿಗೂ ಗೊತ್ತಿತ್ತು.

ಹಿಂದೆ ಇವರಿದ್ದದ್ದು ಕುಣಿಗಲ್ ಕಡೆಯ ಹಳ್ಳಿಯೊಂದರಲ್ಲಿ, ಕೂಡು ಕುಟುಂಬ. ಅಲ್ಲಿ ಮೈದುನನ ಹೆಂಡತಿ ನೇಣು ಹಾಕಿಕೊಂಡಳು. ವರದಕ್ಷಿಣೆಗಾಗಿ ಸಾಯಿಸಿದರೆಂದು ತವರಿನವರು ದೂರು ಕೊಟ್ಟರು. ಮನೆಯವರೆಲ್ಲರ ಹೆಸರೂ ಅದರಲ್ಲಿ ಸೇರಿಹೋಯಿತು. ಆ ದಿನ ದಾಕ್ಷಾಯಣಿ ಕಡಬದಲ್ಲಿ ತಂಗಿಯ ಬಾಣಂತನ ಮಾಡುತ್ತಿದ್ದಳು. ಯಾರು ಕೇಳುತ್ತಾರೆ! ಠಾಣೆಯ ಬೆಂಚಿನ ಮೇಲೆ ಕೂತಳು, ಜೈಲಿನ ಅನ್ನ ತಿಂದಳು, ವರ್ಷಗಟ್ಟಲೆ ತುಮಕೂರಿನ ಕೋರ್ಟಿಗೆ ಅಲೆದಳು. ಕೊನೆಗೆ ಎಲ್ಲರನ್ನೂ ನಿರ್ದೋಷಿಗಳೆಂದು ಬಿಟ್ಟರು.

ಬಿಡುಗಡೆಯ ದಿನ ಅವಳ ತಾಯಿ ಗೌರಮ್ಮ ಒಂದು ಕೆಲಸ ಮಾಡಿದಳು. ಕೋರ್ಟಿಗೆ ಉಡುತ್ತಿದ್ದ ಸೀರೆಯನ್ನೂ ವಕೀಲರು ಕೊಟ್ಟಿದ್ದ ತೀರ್ಪಿನ ಪ್ರತಿಯನ್ನೂ ಹಂಡೆಯ ಒಲೆಗೆ ತುರುಕಿ, ಆ ಉರಿಯಲ್ಲಿ ಕಾದ ನೀರನ್ನೇ ಮಗಳ ತಲೆಗೆ ಹೊಯ್ದು, ಹಣೆಗೆ ವಿಭೂತಿ ಹಚ್ಚಿದಳು. "ಸುಟ್ಟೋಯ್ತು ಬುಡು, ಇನ್ನ ನೆನೀಬ್ಯಾಡ" ಎಂದಳು. ಕೆಟ್ಟದ್ದು ಕಳೆದರೆ ಅದರ ಗುರುತನ್ನೂ ಕಳೆಯಬೇಕೆಂಬುದು ಆ ಮನೆಯ ರೂಢಿ. ಕಾಗದ ಸುಟ್ಟರೆ ಕೇಸೂ ಸುಟ್ಟಿತೆಂದು ನಂಬಿದರು, ಪಾಪ.

ಆಮೇಲೆ ಅವಳು ಗುಬ್ಬಿಯ ಖಾಸಗಿ ಶಾಲೆಯ ಬಸ್ಸಿನಲ್ಲಿ ಆಯಾ ಆದಳು. ಮಕ್ಕಳ ಮೂಗು ಒರೆಸುವುದು, ಅಳುವವರನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು, ಚೇಷ್ಟೆಯವರನ್ನು ಗದರುವುದು. ಬದುಕಿನಲ್ಲಿ ಅವಳು ಹೆದರದೆ ಇರುತ್ತಿದ್ದದ್ದು ಆ ಬಸ್ಸಿನೊಳಗೆ ಮಾತ್ರ.

ಈ ವರ್ಷ ಶಾಲೆಯವರು ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಿದರು. ಆಧಾರ್ ಕೇಳಿದಾಗ ಹಿಂದುಮುಂದು ನೋಡದೆ ಕೊಟ್ಟಿದ್ದಳು. ಒಂದು ಮಧ್ಯಾಹ್ನ ಪ್ರಿನ್ಸಿಪಾಲ್ ಪ್ರಿಯಾಂಕ ಮೇಡಂ ಒಳಗೆ ಕರೆದು ಬಾಗಿಲು ಹಾಕಿದರು.

"ವರದಕ್ಷಿಣೆ ಸಾವಿನ ಕೇಸಲ್ಲಿ ಆರೋಪಿ, ವಿಚಾರಣೆ ಬಾಕಿ ಅಂತ ರಿಪೋರ್ಟ್ ಬಂದಿದೆ. ಏನಿದು ದಾಕ್ಷಾಯಣಿ?"

"ಬಿಟ್ಬಿಟ್ರು ಮೇಡಂ, ಕೋರ್ಟಲ್ಲಿ..."

"ಹಾಗಂತ ಪೇಪರ್ ಇದ್ಯಾ?"

ಇಲ್ಲ. ಹಂಡೆಯ ಒಲೆಯ ಕಥೆಯನ್ನು ಅಲ್ಲಿ ಹೇಗೆ ಹೇಳುವುದು?

"ಸರಿ ಮಾಡಿಸ್ಕೊಂಡ್ ಬನ್ನಿ. ಅಲ್ಲಿವರ್ಗೂ ಬಸ್ ಹತ್ಬೇಡಿ. ಪೇರೆಂಟ್ಸಿಗೆ ಗೊತ್ತಾದ್ರೆ ನನ್ನ ಕೆಲಸವೂ ಹೋಗುತ್ತೆ."

ಮನೆಗೆ ಬಂದವಳೇ ಹಗಲಲ್ಲೇ ಚಿಲಕ ಹಾಕಿಕೊಂಡಳು. ವಿಚಾರಣೆ ಬಾಕಿ ಎಂದರೆ ಕೇಸು ಮತ್ತೆ ಎದ್ದಿದೆ, ಜೀಪು ಬರುತ್ತದೆ ಎಂದೇ ಅವಳ ಲೆಕ್ಕ. ಹೊರಗೆ ಬೈಕು ನಿಂತರೂ ಎದ್ದು ಚಿಲಕ ಮುಟ್ಟಿ ನೋಡುತ್ತಿದ್ದಳು. ಅನ್ನ ಸೇರಲಿಲ್ಲ. ಸೋಮಶೇಖರನೂ ಬಿಳಿಚಿಕೊಂಡ. "ಆ ಕೆಲ್ಸ ಬುಟ್ಬುಡು ಕಣೇ. ಕೆದಕ್ಬ್ಯಾಡ" ಎಂದ. ಎರಡು ದಿನ ಅವಳಿಗೂ ಅದೇ ಸರಿಯೆನಿಸಿತು. ಮೂರನೆಯ ಬೆಳಿಗ್ಗೆ ಬಾಗಿಲ ಸಂದಿಯಿಂದ ಶಾಲೆಯ ಬಸ್ಸು ಹೋಗುವುದನ್ನು ಕಂಡಳು. ತಾನು ಮಾಡದ ತಪ್ಪಿಗೆ ಇನ್ನೆಷ್ಟು ಸಲ ಒಳಗೆ ಕೂರುವುದು ಎಂದು ಸಿಟ್ಟು ಬಂತು. ಸೆರಗು ಹೊದ್ದು ತುಮಕೂರಿನ ಬಸ್ಸು ಹತ್ತಿದಳು.

ಹಿಂದೆ ಕೇಸು ನಡೆಸಿದ್ದ ವಕೀಲ ಅನಂತರಾಮಯ್ಯ ಎಲ್ಲವನ್ನೂ ಕೇಳಿ ತಲೆ ಚಚ್ಚಿಕೊಂಡರು. "ಕೇಸೂ ಎದ್ದಿಲ್ಲ, ಏನೂ ಎದ್ದಿಲ್ಲ. ತೀರ್ಪು ಬಂದ್ಮೇಲೆ ದಾಖಲೆ ತಿದ್ದೋದು ಆ ಠಾಣೆಯವರ ಕರ್ತವ್ಯ ಕಣಮ್ಮ. ತಿದ್ದದೆ ಮಲಗವ್ರೆ." ಕೋರ್ಟಿನಿಂದ ತೀರ್ಪಿನ ಹೊಸ ಪ್ರತಿ ತೆಗೆಸಿ, ಒಂದು ಅರ್ಜಿಯನ್ನೂ ಬರೆದುಕೊಟ್ಟರು. "ಇದನ್ನ ಠಾಣೇಲಿ ನೀನೇ ಕೈಯಾರೆ ಕೊಡು."

ಅದೇ ಠಾಣೆ! ಗಂಡನೇನೋ ಜೊತೆಗೆ ಬಂದ, ಆದರೆ ಎದುರಿನ ಟೀ ಅಂಗಡಿ ದಾಟಲು ಅವನ ಕಾಲು ಬರಲಿಲ್ಲ. ದಾಕ್ಷಾಯಣಿ ಒಬ್ಬಳೇ ಮೆಟ್ಟಿಲು ಹತ್ತಿದಳು. ಬೆಂಚು ಅಲ್ಲೇ ಇತ್ತು. ಕೂರಲು ಹೇಳಿದರೂ ಕೂರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಅಕ್ಷತಾ ಚಿಕ್ಕ ವಯಸ್ಸಿನವರು. ಅರ್ಜಿ ಓದಿ ಹಳೆಯ ಕಡತ ತರಿಸಿದರು. ಮಗುಚುತ್ತ ಹೋದವರ ಮುಖ ಸಪ್ಪಗಾಯಿತು. ಖುಲಾಸೆಯ ತಿಳಿವಳಿಕೆ ಕೋರ್ಟಿನಿಂದ ಆಗಲೇ ಬಂದು ಕಡತದಲ್ಲಿ ಬೆಚ್ಚಗೆ ಕೂತಿತ್ತು. ಕಂಪ್ಯೂಟರಿಗೆ ಮಾತ್ರ ಯಾರೂ ಹತ್ತಿಸಿರಲಿಲ್ಲ.

ಪಕ್ಕದಲ್ಲಿದ್ದ ಪೇದೆ, "ನೀವ್ಯಾರೂ ಬಂದು ಕೇಳ್ಲೇ ಇಲ್ವಲ್ಲಮ್ಮ" ಎಂದ.

ದಾಕ್ಷಾಯಣಿ ಅವನತ್ತ ತಿರುಗಿದಳು. "ಅವತ್ತು ನಾನೇನ್ ಕೇಳ್ಕೊಂಡ್ ಬಂದಿದ್ನಾ ಸ್ವಾಮಿ? ನೀವೇ ತಾನೆ ಜೀಪಲ್ಲಿ ಹತ್ತಿಸ್ಕೊಂಡ್ ಬಂದಿದ್ದು."

ಪೇದೆ ಎದ್ದು ಆಚೆ ಹೋದ. ಅಕ್ಷತಾ ತಾವೇ ಕೂತು, ಮನೆಯವರೆಲ್ಲರ ಹೆಸರಿನ ಮುಂದೆ ಖುಲಾಸೆ ಎಂದು ದಾಖಲಿಸಿದರು. "ಆಯ್ತು, ಇನ್ನು ಹೋಗಿ. ಹೊಸ ರಿಪೋರ್ಟ್ ಶಾಲೆಗೆ ಬರುತ್ತೆ."

ದಾಕ್ಷಾಯಣಿ ಹೋಗಲಿಲ್ಲ. "ಅವ್ರು ಹಳೇದನ್ನ ಓದವ್ರೆ ಮೇಡಂ. ನೀವೇ ಒಂದ್ ಫೋನ್ ಮಾಡ್ಬೇಕು, ನನ್ ಮುಂದೇನೇ." ಹಾಗೆ ಹೇಳಿದ್ದು ತಾನೇ ಎಂದು ತಿಳಿದು ಅವಳಿಗೇ ದಿಗಿಲಾಯಿತು.

ಅಕ್ಷತಾ ಅವಳನ್ನೇ ನೋಡಿದರು. ಫೋನ್ ಹಚ್ಚಿ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. "ನಮ್ಮ ಕಡೆಯಿಂದ ತಪ್ಪು ವರದಿ ಬಂದಿತ್ತು. ಇವರು ನಿರ್ದೋಷಿ ಅಂತ ತೀರ್ಪಾಗಿ ವರ್ಷಗಳೇ ಆಗಿವೆ. ದಾಖಲೆ ತಿದ್ದಿದೀವಿ."

ಆ ಕಡೆಯಿಂದ ಪ್ರಿಯಾಂಕ ಮೇಡಂ, "ಅದು ಸರಿ ಮೇಡಂ. ಆದ್ರೂ ಕೇಸ್ ಅಂತ ಇದ್ದಿದ್ದಂತೂ ನಿಜ ತಾನೆ?" ಎಂದರು.

ಅಕ್ಷತಾ ಉತ್ತರಿಸುವ ಮೊದಲೇ ದಾಕ್ಷಾಯಣಿ ಮೇಜಿನ ಅಂಚು ಹಿಡಿದು ಫೋನಿನತ್ತ ಬಾಗಿದಳು.

"ನಿಜ ಮೇಡಂ, ಇತ್ತು. ನಾನ್ ಮಾಡಿಲ್ಲ ಅನ್ನೋದೂ ಅಷ್ಟೇ ನಿಜ. ಸೋಮವಾರ ಬಸ್ ಹತ್ತೀನಿ."

ಹತ್ತಲೇ ಎಂದು ಅವಳು ಕೇಳಲಿಲ್ಲ.

"ಬನ್ನಿ" ಎಂದರು ಪ್ರಿಯಾಂಕ ಮೇಡಂ.

ದಾಕ್ಷಾಯಣಿ ತೀರ್ಪಿನ ಪ್ರತಿಯನ್ನು ಜೋಪಾನವಾಗಿ ಮಡಚಿಕೊಂಡು ಠಾಣೆಯ ಮೆಟ್ಟಿಲಿಳಿದಳು.